ಬಿಗಿದು ಕಟ್ಟಿದ ಜೋಲಿಯಲ್ಲಿ ನಿದ್ದೆ ಬಾರದು

ಪ್ರಶ್ನೆ

ನನಗೆ 47 ವರ್ಷ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಯಜಮಾನರಿಗೂ ಮಗಳಿಗೂ ಕ್ಯಾಂಪಿಂಗ್ ಅಂದರೆ ಪ್ರಾಣ. ರಜೆ ಸಿಕ್ಕಾಗೆಲ್ಲ ಮೂರ್ನಾಲ್ಕು ಮನೆಯವರು ಸೇರಿ ಸಕಲೇಶಪುರದ ಹತ್ತಿರ ಸ್ನೇಹಿತರೊಬ್ಬರ ಕಾಫಿ ತೋಟಕ್ಕೆ ಹೋಗಿ ಉಳಿದುಕೊಳ್ಳುತ್ತೇವೆ. ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಎದ್ದರೆ ನನಗೆ ಸೊಂಟ ಹಿಡಿದುಕೊಳ್ಳುತ್ತದೆ ಅಂತ ಮಗಳು ಹ್ಯಾಮಕ್ ತರಿಸಿಕೊಟ್ಟಳು. ಕವರಿನ ಮೇಲೆ 260 ಸೆಂ.ಮೀ. ಉದ್ದ, 140 ಸೆಂ.ಮೀ. ಅಗಲ ಅಂತಿದೆ. ನನ್ನ ಎತ್ತರ 5 ಅಡಿ 3 ಇಂಚು, ತೂಕ 62 ಕೆ.ಜಿ.

ಮಧ್ಯಾಹ್ನ ಊಟ ಮಾಡಿ ಅದರಲ್ಲಿ ಅರ್ಧ ಗಂಟೆ ಒರಗಿದರೆ ಹಾಯೆನಿಸುತ್ತದೆ. ರಾತ್ರಿ ಮಾತ್ರ ಬೇರೆಯೇ ಕಥೆ. ನಡು ಬಗ್ಗಿ ಹೋಗುತ್ತದೆ, ಭುಜ ಎರಡೂ ಕಡೆಯಿಂದ ಹಿಂಡಿದಂತಾಗುತ್ತದೆ, ಮಂಡಿ ಹಿಂದಕ್ಕೆ ಒತ್ತಿ ನೋಯುತ್ತದೆ. ಮಗ್ಗುಲು ಬದಲಿಸಲು ಹೋದರೆ ಬಿದ್ದೇಬಿಡುತ್ತೇನೆ ಅನ್ನುವ ಭಯ. ಜೋಲಿ ಇಳಿಬಿದ್ದಿರುವುದರಿಂದಲೇ ಹೀಗೆ ಅಂತ ನಮ್ಮವರು ಇನ್ನಷ್ಟು ಎಳೆದು ಬಿಗಿಯಾಗಿ ಕಟ್ಟಿಕೊಟ್ಟರು. ಆಗ ಮತ್ತೂ ಕಷ್ಟವಾಯಿತು. ದುಬಾರಿ ಸ್ಲೀಪಿಂಗ್ ಬ್ಯಾಗಿನ ಒಳಗಿದ್ದರೂ ಬೆಳಗಿನ ಜಾವ ಬೆನ್ನು, ಸೊಂಟ ಥಂಡಿ ಹಿಡಿದು ಎಚ್ಚರವಾಗುತ್ತದೆ. ರಾತ್ರಿ ಒಂದೆರಡು ಸಲ ಬಾತ್‌ರೂಮಿಗೆ ಏಳಬೇಕು. ಕತ್ತಲಲ್ಲಿ ಇಳಿದು ಹತ್ತುವುದು ಇನ್ನೊಂದು ಪಾಡು. ‘ನಿಂಗೆ ವಯಸ್ಸಾಯ್ತು, ಸುಮ್ನೆ ಮನೆಯೊಳಗೆ ಮಲ್ಕೋ’ ಅಂತಾರೆ ನಮ್ಮವರು. ಜನವರಿ ಕೊನೆಯಲ್ಲಿ ಮತ್ತೆ ಹೋಗುವುದಿದೆ. ಹ್ಯಾಮಕ್ ತೆಗೆದುಕೊಂಡು ಹೋಗಲೋ, ಯಾರಿಗಾದರೂ ಕೊಟ್ಟುಬಿಡಲೋ?

— ಹೆಸರು ಬೇಡ, ಮೈಸೂರು

ಉತ್ತರ

ವಯಸ್ಸಿನ ಮಾತನ್ನು ಮೊದಲು ಬದಿಗಿಡೋಣ. ನೀವು ಬರೆದಿರುವ ತೊಂದರೆಗಳಲ್ಲಿ ಒಂದೂ ವಯಸ್ಸಿನಿಂದ ಬಂದದ್ದಲ್ಲ. ಕಾಲೇಜು ಹುಡುಗರೂ ಹ್ಯಾಮಕ್‌ನಲ್ಲಿ ಮೊದಲ ರಾತ್ರಿ ಕಳೆದು ಬೆಳಿಗ್ಗೆ ಇದನ್ನೇ ಹೇಳುತ್ತಾರೆ: ನಡು ಬಗ್ಗಿತು, ಮಂಡಿ ನೋಯಿತು, ಬೆನ್ನು ತಣ್ಣಗಾಯಿತು. ನಿಮ್ಮಲ್ಲಿ ಕಟ್ಟಿದ ರೀತಿ ಸರಿಯಿಲ್ಲ, ಮಲಗುವ ರೀತಿ ಸರಿಯಿಲ್ಲ, ಬೆನ್ನಿನ ಕೆಳಗೆ ಇರಬೇಕಾದದ್ದು ಇಲ್ಲ. ಮೂರನ್ನೂ ಜನವರಿಯೊಳಗೆ ಸರಿಪಡಿಸಿಕೊಳ್ಳಬಹುದು. ಹ್ಯಾಮಕ್ ಯಾರಿಗೂ ಕೊಡಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಯಜಮಾನರು ಎಳೆದು ಬಿಗಿ ಮಾಡಿಕೊಟ್ಟರು ಅನ್ನುವ ಸಾಲಿನ ಮೇಲೆ. ಅವರು ಪ್ರೀತಿಯಿಂದಲೇ ಮಾಡಿದ್ದಾರೆ. ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಬಿಗಿದಷ್ಟೂ ಜೋಲಿ ಸಪಾಟಾಗುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆಗುವುದು ಉಲ್ಟಾ. ಬಿಗಿದಾಗ ಬಟ್ಟೆಯ ಎರಡೂ ಅಂಚು ಮೇಲೆದ್ದು ನಿಲ್ಲುತ್ತವೆ, ನಡುಭಾಗ ಮಾತ್ರ ನಿಮ್ಮ ತೂಕಕ್ಕೆ ತಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ಉದ್ದುದ್ದಕ್ಕೆ ಬಿಟ್ಟು ಬೇರೆ ಯಾವ ರೀತಿಯಲ್ಲೂ ಮಲಗಲು ಬರುವುದಿಲ್ಲ. ಭುಜ ಹಿಂಡುವುದೂ ನಡು ಬಗ್ಗುವುದೂ ಅದರಿಂದಲೇ. ಬೀಳುವ ಭಯಕ್ಕೂ ಅದೇ ಕಾರಣ: ಬಿಗಿದ ಜೋಲಿಯ ಮೇಲೆ ಮೈ ಎತ್ತರಕ್ಕೆ ಬಂದು ಕೂತಿರುತ್ತದೆ, ಸ್ವಲ್ಪ ಹೊರಳಿದರೂ ತೂಕ ಒಂದು ಕಡೆಗೆ ಜಾರುತ್ತದೆ. ಸಡಿಲ ಜೋಲಿಯಲ್ಲಿ ಮೈ ಬಟ್ಟೆಯ ಒಳಗೆ ಇಳಿದು ಕೂರುತ್ತದೆ, ಬೀಳುವುದು ಸುಲಭವಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಹಳೆ ಸೀರೆಯ ಜೋಲಿ ಕಟ್ಟುವ ಅಜ್ಜಿಯರು ಬಟ್ಟೆಯನ್ನು ಎಂದಾದರೂ ಬಿಗಿದು ಕಟ್ಟಿದ್ದುಂಟೇ? ಜಂತೆಯಿಂದ ಆಳವಾಗಿ ಇಳಿಬಿಡುತ್ತಾರೆ. ಮಗು ಅದರೊಳಗೆ ಮಗ್ಗುಲು ಬದಲಿಸಿದರೂ ಹೊರಗೆ ಬರುವುದಿಲ್ಲ. ದೊಡ್ಡವರಿಗೂ ಬೇಕಾದದ್ದು ಅದೇ ಸಡಿಲ.

ಇದನ್ನು ಹ್ಯಾಮಕ್‌ನ ತವರಿನವರು ಚೆನ್ನಾಗಿ ಬಲ್ಲರು. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಿಳಿದಾಗ ಅಲ್ಲಿನ ಜನ ಹತ್ತಿಯ ಬಲೆಗಳಲ್ಲಿ ಮಲಗುವುದನ್ನು ಕಂಡು ಬರೆದಿಟ್ಟಿದ್ದಾನೆ. ಇವತ್ತಿಗೂ ಮೆಕ್ಸಿಕೋದ ಯುಕಟಾನ್ ಭಾಗದಲ್ಲಿ, ಬ್ರೆಜಿಲ್ ದೇಶದ ಉತ್ತರ ಮತ್ತು ಈಶಾನ್ಯ ಸೀಮೆಗಳಲ್ಲಿ ಎಷ್ಟೋ ಮನೆಗಳ ರಾತ್ರಿಯ ಹಾಸಿಗೆ ಅದೇ. ಮುದುಕರೂ ಮಕ್ಕಳೂ ಅದರಲ್ಲೇ ಮಲಗುತ್ತಾರೆ. ಅವರ ಜೋಲಿ ಅಗಲವಾಗಿರುತ್ತದೆ, ಚೆನ್ನಾಗಿ ಇಳಿಬಿದ್ದಿರುತ್ತದೆ, ಅದರಲ್ಲಿ ಅವರು ಓರೆಯಾಗಿಯೋ ಪೂರ್ತಿ ಅಡ್ಡವಾಗಿಯೋ ಮಲಗುತ್ತಾರೆ. ರೆಸಾರ್ಟುಗಳಲ್ಲಿ ಎರಡೂ ತುದಿಗೆ ಕೋಲು ಕಟ್ಟಿ ಚಪ್ಪಟೆಯಾಗಿ ಹರಡಿದ ಬಲೆ ನೋಡಿರುತ್ತೀರಿ. ಅದು ಹಗಲು ಒರಗಲಿಕ್ಕೆ ಸರಿ, ರಾತ್ರಿಗೆ ಬೇಡ. ಮಗುಚಿಕೊಳ್ಳುವುದು ಅದೇ ಹೆಚ್ಚು.

ಹಾಗಾದರೆ ಎಷ್ಟು ಸಡಿಲ? ಮರದಿಂದ ಇಳಿದು ಬರುವ ಪಟ್ಟಿ ನೆಲಕ್ಕೆ ಸಮನಾದ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಅಳೆಯಲು ಉಪಕರಣ ಬೇಡ. ತೋರುಬೆರಳನ್ನು ಜೋಲಿಯ ಕಡೆಗೆ ನೆಟ್ಟಗೆ ಚಾಚಿ, ಹೆಬ್ಬೆರಳನ್ನು ಮೇಲಕ್ಕೆ ನಿಲ್ಲಿಸಿ, ಕೈಯನ್ನು ಪಟ್ಟಿಯ ಪಕ್ಕ ಹಿಡಿಯಿರಿ. ಪಟ್ಟಿ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಇಳಿದು ಹೋದರೆ ಹೆಚ್ಚುಕಡಿಮೆ 30 ಡಿಗ್ರಿ ಆಯಿತು. ಮರಗಳ ನಡುವೆ 12 ಅಡಿ ಇದ್ದರೆ ಪಟ್ಟಿಯನ್ನು ಸುಮಾರು 5 ಅಡಿ ಎತ್ತರಕ್ಕೆ, 15 ಅಡಿ ಇದ್ದರೆ ಸುಮಾರು 6 ಅಡಿಗೆ ಸುತ್ತಬೇಕಾಗುತ್ತದೆ. ನೀವು ಕೂತ ಮೇಲೆ ಜೋಲಿ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಅಂದರೆ ಕುರ್ಚಿಯ ಎತ್ತರ. ಅದಕ್ಕಿಂತ ಮೇಲೆ ಕಟ್ಟುವುದರಿಂದ ಏನೂ ಲಾಭವಿಲ್ಲ, ಬಿದ್ದರೆ ಪೆಟ್ಟು ಹೆಚ್ಚು.

ಈ ಕೋನಕ್ಕೆ ಸುಖದ ಜೊತೆ ಸುರಕ್ಷತೆಯ ಲೆಕ್ಕವೂ ಇದೆ. ಯಜಮಾನರಿಗೆ ಇದನ್ನು ಓದಿ ಹೇಳಿ. 30 ಡಿಗ್ರಿಯಲ್ಲಿ ಕಟ್ಟಿದಾಗ ಒಂದೊಂದು ಪಟ್ಟಿಯ ಮೇಲೆ ಬೀಳುವ ಎಳೆತ ನಿಮ್ಮ ತೂಕದಷ್ಟೇ, 62 ಕೆ.ಜಿ. ಅದನ್ನು 10 ಡಿಗ್ರಿಗೆ ಬಿಗಿದರೆ ಎಳೆತ 178 ಕೆ.ಜಿ. ದಾಟುತ್ತದೆ. 5 ಡಿಗ್ರಿಗೆ ಬಿಗಿದರೆ 350ಕ್ಕೂ ಹೆಚ್ಚು. ಹಗ್ಗ, ಹೊಲಿಗೆ, ಕ್ಯಾರಬೈನರ್ ಕೊಂಡಿ, ಮರ, ಎಲ್ಲವೂ ಅಷ್ಟನ್ನು ತಾಳಬೇಕು. ನೀವು ಧಡಕ್ಕನೆ ಕೂತರೆ ಇನ್ನೂ ಜಾಸ್ತಿ.

ಪ್ರತಿ ಸಲ ಕೋನ ನೋಡುವ ತಲೆನೋವು ಬೇಡವೆಂದರೆ ಜೋಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಮೈಯ ಮೇಲ್ಗಡೆ ಹಾದುಹೋಗುವಂತೆ, ಹಿಗ್ಗದ ಗಟ್ಟಿ ಪಾಲಿಯೆಸ್ಟರ್ ಹಗ್ಗ ಕಟ್ಟಿಬಿಡಿ. ಅದರ ಉದ್ದ ಜೋಲಿಯ ಉದ್ದದ ಶೇಕಡಾ 83ರಷ್ಟಿರಲಿ. ನಿಮ್ಮದು 260 ಸೆಂ.ಮೀ. ಆದ್ದರಿಂದ ಹಗ್ಗ ಸುಮಾರು 216 ಸೆಂ.ಮೀ. ಇದು ಜೋಲಿಯ ಎರಡು ತುದಿಗಳನ್ನು ಅದಕ್ಕಿಂತ ದೂರ ಹೋಗಲು ಬಿಡುವುದಿಲ್ಲ. ಮರಗಳು ಹತ್ತಿರ ಇರಲಿ, ದೂರ ಇರಲಿ, ಬಟ್ಟೆಯ ಸಡಿಲ ಪ್ರತಿ ರಾತ್ರಿ ಒಂದೇ ರೀತಿ ಇರುತ್ತದೆ. ನೀವು ಒಳಗೆ ಮಲಗಿದ ಮೇಲೆ ಆ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿ. ಸ್ವಲ್ಪ ಬಗ್ಗಬೇಕು. ಮೀಟಿದರೆ ನಾದ ಬರುವಷ್ಟು ಬಿಗಿ ಇದ್ದರೆ ಮರದ ಪಟ್ಟಿ ಸಡಿಲಿಸಿ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಇದಕ್ಕೆ ಆಗದು, ಹಿಗ್ಗುತ್ತದೆ. ಟಾರ್ಚ್, ಕನ್ನಡಕ, ನೀರಿನ ಬಾಟಲಿ ತೂಗುಹಾಕಲು ಆ ಹಗ್ಗವೇ ಕೈಗೆ ಸಿಗುವ ಕಪಾಟಾಗುತ್ತದೆ.

ಈಗ ಮಲಗುವ ರೀತಿ. ಸಡಿಲ ಬಿಟ್ಟ ಜೋಲಿಯಲ್ಲಿ ಉದ್ದಕ್ಕೆ ಮಲಗಿದರೆ ನಡು ಇನ್ನೂ ಹೆಚ್ಚು ಬಗ್ಗುತ್ತದೆ. ಸಡಿಲ ಬಿಟ್ಟು ನೋಡಿದ ಎಷ್ಟೋ ಜನ ಇಲ್ಲೇ ಕೈಬಿಡುವುದು. ಓರೆಯಾಗಿ ಮಲಗಬೇಕು. ಬಟ್ಟೆಯನ್ನು ಹರಡಿ ನಡುಮಧ್ಯ ಕೂತುಕೊಳ್ಳಿ, ಹಿಂದಕ್ಕೆ ಒರಗಿ, ಎರಡೂ ಕಾಲನ್ನು ಒಟ್ಟಿಗೆ ಒಳಗೆತ್ತಿ. ಆಮೇಲೆ ತಲೆಯನ್ನು ನಡುಗೆರೆಯಿಂದ ಒಂದಡಿಯಷ್ಟು ಎಡಕ್ಕೆ, ಪಾದಗಳನ್ನು ಅಷ್ಟೇ ಬಲಕ್ಕೆ ಸರಿಸಿ. ಸರಿಯಾದ ಜಾಗ ಸಿಕ್ಕಿದ ಕೂಡಲೇ ಗೊತ್ತಾಗುತ್ತದೆ: ಬೆನ್ನಿನ ಕೆಳಗಿನ ಬಟ್ಟೆ ಅಗಲವಾಗಿ ತೆರೆದುಕೊಳ್ಳುತ್ತದೆ, ಸೊಂಟ ಮೇಲೆದ್ದು ಬೆನ್ನಿನ ಸಾಲಿಗೆ ಬರುತ್ತದೆ, ಭುಜದ ಹಿಡಿತ ಬಿಡುತ್ತದೆ. ಎಡ-ಬಲ ಅದಲುಬದಲು ಮಾಡಿಯೂ ನೋಡಿ. ಕೆಲವರಿಗೆ ಒಂದು ಓರೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಈ ಭಂಗಿಯಲ್ಲಿ ಮಗ್ಗುಲಾಗಿ, ಮಂಡಿ ಮಡಿಸಿಯೂ ಮಲಗಬಹುದು. ಹೊಟ್ಟೆ ಮೇಲೆ ಮಾತ್ರ ಆಗುವುದಿಲ್ಲ.

ಇಲ್ಲಿ ನಿಮ್ಮ ಜೋಲಿಯ ಅಳತೆ ಅಡ್ಡ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಹೆಚ್ಚಾಗಿ ಸಿಗುವುದು ಎಂಟೂವರೆ, ಒಂಬತ್ತು ಅಡಿಯವು. ಕವರಿನ ಮೇಲೆ ‘ಇಬ್ಬರಿಗೆ’ ಎಂದು ಬರೆದಿದ್ದರೂ ಅದು ಅಗಲದ ಮಾತು. ರಾತ್ರಿಯಿಡೀ ಮಲಗುವ ಸುಖವನ್ನು ತೀರ್ಮಾನಿಸುವುದು ಉದ್ದ. 11 ಅಡಿ, ಅಂದರೆ 335 ಸೆಂ.ಮೀ. ಉದ್ದದ ಜೋಲಿಯಲ್ಲಿ ಓರೆಯಾಗಿ ಮಲಗಲು ಧಾರಾಳ ಜಾಗ. ನಿಮ್ಮ ಎತ್ತರಕ್ಕೆ 260 ಸೆಂ.ಮೀ.ನಲ್ಲೂ ಸ್ವಲ್ಪ ಓರೆ ಸಾಧ್ಯವಾಗುತ್ತದೆ, ಯಜಮಾನರು ಆರಡಿ ಇದ್ದರೆ ಅವರಿಗೆ ಆಗದು. ಸದ್ಯಕ್ಕೆ ಇದರಲ್ಲೇ ಪ್ರಯತ್ನಿಸಿ. ಮುಂದೆ ದುಡ್ಡು ಹಾಕುವುದಾದರೆ ಇನ್ನೊಂದು ಸ್ಲೀಪಿಂಗ್ ಬ್ಯಾಗಿಗಲ್ಲ, ಉದ್ದದ ಜೋಲಿಗೆ ಹಾಕಿ. ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೆ ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ತಂದು ನಾಲ್ಕೂ ಅಂಚು ಮಡಿಸಿ ಹೊಲಿದುಕೊಳ್ಳಬಹುದು. ಎರಡು ತುದಿಗಳ ಮಡಿಕೆಯಲ್ಲಿ ಹಗ್ಗ ತೂರಿಸಿ ಬಟ್ಟೆಯನ್ನು ನೆರಿಗೆಯಾಗಿ ಒಟ್ಟುಮಾಡಿದರೆ ಜೋಲಿ ಸಿದ್ಧ. ಆ ಎರಡು ತುದಿಗೆ ಮಾತ್ರ ಗಟ್ಟಿ ದಾರದಲ್ಲಿ ಎರಡೆರಡು ಸಾಲು ಹೊಲಿಗೆ ಹಾಕಿ, ನೆಲದಿಂದ ಗೇಣೆತ್ತರದಲ್ಲಿ ಕಟ್ಟಿ ತೂಕ ಹಾಕಿ ಪರೀಕ್ಷಿಸಿ.

ಮಂಡಿ ನೋವಿನ ಕಾರಣವೂ ಇಲ್ಲೇ ಇದೆ. ಓರೆಯಾಗಿ ಮಲಗಿದಾಗ ಜೋಲಿಯ ನಡುಗೆರೆಯ ಬಟ್ಟೆ ಒಂದು ಬಿಗಿಯಾದ ಏಣಾಗಿ ಕಾಲಿನ ಕೆಳಗೆ ಹಾದುಹೋಗುತ್ತದೆ. ಅದು ಮೀನಖಂಡದ ಕೆಳಗೆ ಬಂದರೆ ಹಿಮ್ಮಡಿ ಮತ್ತು ಮೀನಖಂಡವನ್ನು ಮೇಲೆ ಎತ್ತಿಹಿಡಿಯುತ್ತದೆ. ಮಂಡಿಗೆ ಕೆಳಗಿನಿಂದ ಆಸರೆ ಇಲ್ಲದೆ ಹಿಂದಕ್ಕೆ ಬಾಗುತ್ತದೆ. ಅರ್ಧ ಗಂಟೆಯ ನಿದ್ದೆಯಲ್ಲಿ ಗೊತ್ತಾಗದ್ದು ಆರು ಗಂಟೆಯಲ್ಲಿ ನೋವಾಗುತ್ತದೆ. ಚಿಕ್ಕ ಜೋಲಿಯಲ್ಲಿ ಈ ಏಣು ಹೆಚ್ಚು. ಮಂಡಿಯ ಕೆಳಗೆ ಒಂದು ದಿಂಬನ್ನೋ ಸುತ್ತಿದ ಸ್ವೆಟರನ್ನೋ ಇಟ್ಟುಕೊಳ್ಳಿ, ಮಂಡಿ ತುಸು ಮಡಿಸಿದ ಹಾಗೆ ನಿಲ್ಲುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಸುಲಭವಾಗಿ ಇಷ್ಟು ಉಪಕಾರ ಮಾಡುವ ಉಪಾಯ ಬೇರೆ ಇಲ್ಲ. ಜೊತೆಗೆ ಕಾಲಿನ ಕಡೆಯ ತುದಿಯನ್ನು ತಲೆಯ ಕಡೆಗಿಂತ ಒಂದು ಗೇಣಿನಷ್ಟು ಎತ್ತರಕ್ಕೆ ಕಟ್ಟಿ. ಇಲ್ಲದಿದ್ದರೆ ರಾತ್ರಿ ನಿಮಗರಿವಿಲ್ಲದೆ ಮೈ ಕಾಲಿನ ಕಡೆಗೆ ಜಾರುತ್ತದೆ, ಓರೆ ಹೋಗಿ ಮತ್ತೆ ಅದೇ ಇಕ್ಕಟ್ಟು. ತಲೆಗೆ ದಪ್ಪ ದಿಂಬು ಬೇಡ; ಜೋಲಿಯೇ ತಲೆಯನ್ನು ಎತ್ತಿರುತ್ತದೆ. ಕುತ್ತಿಗೆಯ ಕೆಳಗೆ ಮಡಿಸಿದ ಟವೆಲ್ ಸಾಕು.

ಇನ್ನು ಥಂಡಿ. ನಿಮ್ಮ ಪತ್ರದಲ್ಲಿ ನಿಜವಾಗಿ ನಿದ್ದೆ ಕೆಡಿಸುತ್ತಿರುವುದು ಇದೇ ಅನಿಸುತ್ತದೆ. ಬೆಳಗಿನ ಜಾವದ ಎಚ್ಚರ ಸಾಮಾನ್ಯವಾಗಿ ನೋವಿಗಿಂತ ಚಳಿಗೇ ಆಗುವುದು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ಉಬ್ಬಿದ ಎಳೆಗಳ ನಡುವೆ ನಿಂತ ಗಾಳಿಯಿಂದ. ನೀವು ಮಲಗಿದಾಗ ಬೆನ್ನಿನ ಕೆಳಗಿನ ಭಾಗ ನಿಮ್ಮ ತೂಕಕ್ಕೆ ಅಪ್ಪಚ್ಚಿಯಾಗುತ್ತದೆ, ಆ ಗಾಳಿ ಹೋಗುತ್ತದೆ. ಟೆಂಟಿನಲ್ಲಾದರೆ ಕೆಳಗೆ ಮ್ಯಾಟ್ ಹಾಸಿರುತ್ತೀರಿ. ಜೋಲಿಯಲ್ಲಿ ತೆಳ್ಳನೆಯ ನೈಲಾನ್ ಬಟ್ಟೆ ಒಂದೇ, ಅದರ ಕೆಳಗೆ ಬೀಸುವ ಗಾಳಿ. ಬ್ಯಾಗಿನ ಬೆಲೆ ಎಷ್ಟಿದ್ದರೂ ಇದು ತಪ್ಪುವುದಿಲ್ಲ. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೆ ಹೆಚ್ಚಿನವರಿಗೆ ಬೆನ್ನು ತಣ್ಣಗಾಗಲು ಶುರುವಾಗುತ್ತದೆ; ಜನವರಿಯ ಸಕಲೇಶಪುರದಲ್ಲಿ ಅದಕ್ಕಿಂತ ಚೆನ್ನಾಗಿಯೇ ಕೆಳಗಿಳಿಯುತ್ತದೆ.

ಹ್ಯಾಮಕ್‌ನಲ್ಲೇ ವರ್ಷಗಟ್ಟಲೆ ಮಲಗುವವರು ಇದಕ್ಕೆ ಅಂಡರ್‌ಕ್ವಿಲ್ಟ್ ಬಳಸುತ್ತಾರೆ. ಅದು ಜೋಲಿಯ ಹೊರಗೆ, ಕೆಳಗಡೆ ನೇತುಬಿಡುವ ರಜಾಯಿ. ಹೊರಗಿರುವುದರಿಂದ ನಿಮ್ಮ ತೂಕ ಅದರ ಮೇಲೆ ಬೀಳುವುದಿಲ್ಲ, ಅದು ಉಬ್ಬಿಯೇ ಇರುತ್ತದೆ. ಬೆಲೆ ಜಾಸ್ತಿ, ನಮ್ಮ ಅಂಗಡಿಗಳಲ್ಲಿ ಹುಡುಕಿ ತರುವುದೂ ಕಷ್ಟ. ನೀವು ಕಾರಿನಲ್ಲಿ ಹೋಗುವವರು, ಹೊತ್ತು ನಡೆಯುವ ಭಾರದ ಚಿಂತೆ ಇಲ್ಲ. ಮನೆಯಲ್ಲಿ ಚಳ್ಳಕೆರೆ ಕಡೆಯ ಒಳ್ಳೆಯ ಕುರಿ ಕಂಬಳಿ ಇದ್ದರೆ ಅದನ್ನೇ ಬಳಸಿ. ಕಂಬಳಿಯನ್ನು ಎರಡು ಮಡಿಕೆ ಮಾಡಿ, ನಾಲ್ಕು ಮೂಲೆಗಳಲ್ಲಿ ಒಳಗೊಂದು ಗೋಲಿ ಗಾತ್ರದ ಕಲ್ಲಿಟ್ಟು ಹೊರಗಿನಿಂದ ಬಿಗಿದು ಕಟ್ಟಿ, ಆ ಗಂಟುಗಳಿಗೆ ಇಲಾಸ್ಟಿಕ್ ಹಗ್ಗ ಹಾಕಿ, ಜೋಲಿಯ ಎರಡೂ ತುದಿಗೆ ಸಿಕ್ಕಿಸಿ. ಗಾಳಿ ತೂರದಂತೆ ಅದರ ಹೊರಮೈಗೆ ರೇನ್‌ಕೋಟ್ ಬಟ್ಟೆಯ ಒಂದು ಪದರ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಮುಖ್ಯವಾದ ಪರೀಕ್ಷೆ. ನೀವು ಒಳಗೆ ಮಲಗಿ, ಮಗಳಿಗೆ ಜೋಲಿಗೂ ಕಂಬಳಿಗೂ ನಡುವೆ ಕೈ ತೂರಿಸಿ ನೋಡಲು ಹೇಳಿ. ಕಂಬಳಿ ಬಟ್ಟೆಗೆ ಮೃದುವಾಗಿ ತಾಗಿಕೊಂಡಿರಬೇಕು. ಕೈ ಸಲೀಸಾಗಿ ಆಡಿದರೆ ಅಲ್ಲಿ ತಣ್ಣನೆ ಗಾಳಿ ಓಡಾಡುತ್ತದೆ, ಹಗ್ಗ ಗಿಡ್ಡ ಮಾಡಿ. ಕೈ ಹೋಗಲಾರದಷ್ಟು ಒತ್ತಿಕೊಂಡಿದ್ದರೆ ಸಡಿಲಿಸಿ. ಸೊಂಟದ ಕೆಳಗೂ ತಲೆಯ ಕಡೆಯ ಬಾಯಲ್ಲೂ ವಿಶೇಷವಾಗಿ ನೋಡಬೇಕು, ಸಂದು ಉಳಿಯುವುದು ಅಲ್ಲೇ.

ಇಷ್ಟೆಲ್ಲ ಆಗದಿದ್ದರೆ ಟೆಂಟಿನ ಫೋಮ್ ಮ್ಯಾಟನ್ನೇ ಜೋಲಿಯೊಳಗೆ ಹಾಸಿ. ಬೆಚ್ಚಗೇನೋ ಇರುತ್ತದೆ, ಆದರೆ ಮ್ಯಾಟ್ ಜಾರುತ್ತದೆ, ಭುಜದ ಎರಡು ಬದಿ ಹೊರಗುಳಿದು ತಣ್ಣಗಾಗುತ್ತವೆ. ಹಳೆಯ ಯೋಗ ಮ್ಯಾಟಿನ ಒಂದು ತುಂಡನ್ನು ಭುಜದ ಕೆಳಗೆ ಅಡ್ಡ ಹಾಸಿದರೆ ಅದೂ ಸರಿಹೋಗುತ್ತದೆ. ಗಾಳಿ ತುಂಬುವ ಮ್ಯಾಟಾದರೆ ಪೂರ್ತಿ ಊದಬೇಡಿ, ಅರ್ಧ ಊದಿದರೆ ಜೋಲಿಯ ಬಾಗಿಗೆ ಒಗ್ಗುತ್ತದೆ. ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಕೊಳ್ಳುವ ಸರ್ಕಸ್ ಬಿಟ್ಟುಬಿಡಿ. ಜಿಪ್ ಪೂರ್ತಿ ಬಿಚ್ಚಿ, ಪಾದಗಳನ್ನು ಮಾತ್ರ ಕೆಳತುದಿಯಲ್ಲಿ ಇಳಿಬಿಟ್ಟು, ಉಳಿದದ್ದನ್ನು ರಜಾಯಿಯಂತೆ ಮೇಲೆ ಹೊದ್ದುಕೊಳ್ಳಿ. ರಾತ್ರಿ ಏಳುವಾಗಲೂ ಸುಲಭ. ಒಣಗಿದ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳುವುದು, ಇವುಗಳಿಂದ ಮೊದಲ ಒಂದೆರಡು ಗಂಟೆ ಹಿತವಾಗಿ ಕಳೆಯುತ್ತದೆ.

ಮಳೆ ಇಲ್ಲದ ಕಾಲವೆಂದು ಟಾರ್ಪಾಲು ಬಿಟ್ಟು ಹೋಗಬೇಡಿ. ಮಲೆನಾಡಿನಲ್ಲಿ ಜನವರಿಯ ಇಬ್ಬನಿ ಹೊದಿಕೆಯನ್ನು ತೋಯಿಸುವಷ್ಟು ಬೀಳುತ್ತದೆ. ಗಾಳಿ ಬರುವ ಕಡೆಯ ಅಂಚನ್ನು ತಗ್ಗಿಸಿ ಕಟ್ಟಿದರೆ ಚಳಿಯೂ ಕಡಿಮೆ. ಇಬ್ಬನಿಯೋ ಮಳೆಯೋ ಮರದ ಕಾಂಡದಿಂದ ಪಟ್ಟಿಗುಂಟ ಇಳಿದು ಜೋಲಿಯೊಳಗೆ ಬರುವುದುಂಟು. ಟಾರ್ಪಾಲಿನ ನೆರಳೊಳಗೆ ಬರುವ ಪಟ್ಟಿಯ ಭಾಗಕ್ಕೆ ಒಂದು ಹತ್ತಿ ದಾರ ಕಟ್ಟಿ ಇಳಿಬಿಟ್ಟರೆ ನೀರು ಆ ದಾರ ಹಿಡಿದು ನೆಲಕ್ಕೆ ಹೋಗುತ್ತದೆ. ಸೊಳ್ಳೆಪರದೆ ಮೇಲಿನಿಂದ ಕಾಯುತ್ತದೆ, ಕೆಳಗಿನಿಂದ ಅಲ್ಲ. ತೆಳು ಬಟ್ಟೆಯ ಮೂಲಕ ಸೊಳ್ಳೆ ಬೆನ್ನಿಗೇ ಕಚ್ಚುತ್ತದೆ. ಕೆಳಗೆ ಕಂಬಳಿ ಇದ್ದರೆ ಆ ಕಾಟವೂ ತಪ್ಪಿತು.

ಮರದ ಆಯ್ಕೆಯಲ್ಲಿ ಕಾಫಿ ತೋಟದಲ್ಲಿ ವಿಶೇಷ ಎಚ್ಚರ ಬೇಕು. ಸಿಲ್ವರ್ ಓಕ್ ಮರಗಳು ಸಾಲಾಗಿ, ಬೇಕಾದ ಅಂತರದಲ್ಲಿ ಸಿಗುತ್ತವೆ. ಆದರೆ ಅವುಗಳ ಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಬಿಗಿದರೆ ನಿಮ್ಮ ಸ್ನೇಹಿತರ ವರ್ಷದ ಆದಾಯಕ್ಕೆ ಪೆಟ್ಟು. ಸಿಲ್ವರ್ ಓಕ್‌ನ ಕೊಂಬೆ ಗಾಳಿಗೆ ಮುರಿದು ಬೀಳುವುದೂ ಉಂಟು. ಹಾಲುವಾಣದ ಮರ ಮೆದು, ಅದನ್ನು ನಂಬಬೇಡಿ. ಅಡಿಕೆ ಮರ ಬಾಗುತ್ತದೆ, ತೆಂಗಿನ ಕೆಳಗೆ ಕಾಯಿಯ ಭಯ. ಹಲಸು, ಮತ್ತಿ, ಹೊನ್ನೆಯಂಥ ಗಟ್ಟಿ ಜೀವಂತ ಮರ, ತಬ್ಬಿದರೆ ತೋಳು ತುಂಬುವಂಥದ್ದು ನೋಡಿಕೊಳ್ಳಿ. ತೊಗಟೆ ಕೊರೆಯದ ಹಾಗೆ ಒಂದಿಂಚಿಗಿಂತ ಅಗಲದ ಪಟ್ಟಿಯೇ ಬೇಕು, ಬರಿ ಹಗ್ಗ ಬೇಡ. ಕಟ್ಟುವ ಮೊದಲು ತಲೆ ಎತ್ತಿ ಒಣಕೊಂಬೆ, ಜೇನುಗೂಡು ಇದೆಯೇ ನೋಡುವುದನ್ನು ಒಮ್ಮೆಯೂ ತಪ್ಪಿಸಬೇಡಿ.

ಆನೆಯ ವಿಷಯ ನೀವು ಬರೆದಿಲ್ಲ, ನಾನು ಬರೆಯಲೇಬೇಕು. ಸಕಲೇಶಪುರ, ಆಲೂರು, ಬೇಲೂರು ಸೀಮೆಯ ತೋಟಗಳಲ್ಲಿ ಕಾಡಾನೆಗಳು ರಾತ್ರಿ ಓಡಾಡುತ್ತವೆ, ಜೀವಗಳು ಹೋಗಿವೆ. ಹೊರಡುವ ಮೊದಲು ತೋಟದವರನ್ನೂ ಲೈನ್ ಮನೆಗಳಲ್ಲಿರುವ ಕೆಲಸಗಾರರನ್ನೂ ಈ ವಾರ ಆನೆ ಎಲ್ಲಿದೆ ಎಂದು ಕೇಳಿ. ಹತ್ತಿರದಲ್ಲಿದ್ದರೆ ಯಾರೂ ಹೊರಗೆ ಮಲಗಬಾರದು, ಜೋಲಿಯಲ್ಲೂ ಟೆಂಟಿನಲ್ಲೂ. ಇಲ್ಲವೆಂದರೂ ತೋಟದ ಒಳಗೆ ಹೋಗದೆ ಮನೆಯ ಅಂಗಳದ ಅಥವಾ ಕಾಫಿ ಕಣದ ಅಂಚಿನ ಮರಗಳಿಗೇ ಕಟ್ಟಿ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಅಭಯಾರಣ್ಯ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವುದು ಕಾನೂನಿಗೆ ವಿರುದ್ಧ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಡೆ ಹೋಗುವವರು ಮಂಗನ ಕಾಯಿಲೆಯನ್ನೂ ನೆನಪಿಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗುಗಳಿಂದ ಹರಡುತ್ತದೆ, ಹೆಚ್ಚಾಗುವುದು ನಾವು ಕ್ಯಾಂಪಿಂಗ್ ಹೋಗುವ ಚಳಿಗಾಲ-ಬೇಸಿಗೆಯಲ್ಲೇ. ಜೋಲಿ ತರಗೆಲೆಯಿಂದ ಮೇಲಿರುವುದು ಒಂದು ಅನುಕೂಲ. ಹಾಗಂತ ಬ್ಯಾಗು, ಹೊದಿಕೆ ತರಗೆಲೆಯ ಮೇಲೆ ಎಸೆದು ಆಮೇಲೆ ಜೋಲಿಗೆ ತಂದುಕೊಂಡರೆ ಆ ಅನುಕೂಲ ಉಳಿಯುವುದಿಲ್ಲ.

ಬಾತ್‌ರೂಮಿಗೆ ಏಳುವ ಬಗ್ಗೆ ಸಂಕೋಚ ಪಡಬೇಡಿ. ಎಷ್ಟೋ ಹೆಂಗಸರು ಇದನ್ನು ಕೇಳಲು ನಾಚಿ, ಸಂಜೆಯಿಂದ ನೀರೇ ಕುಡಿಯದೆ ತಲೆನೋವು ತಂದುಕೊಳ್ಳುತ್ತಾರೆ. ಮಧ್ಯಾಹ್ನದವರೆಗೆ ಚೆನ್ನಾಗಿ ನೀರು ಕುಡಿಯಿರಿ, ಕಾಫಿ-ಟೀ ಸಂಜೆಗೇ ನಿಲ್ಲಿಸಿ, ಮಲಗುವ ಮುಂಚೆ ಹೋಗಿ ಬನ್ನಿ. ಟಾರ್ಚ್ ಮೇಲಿನ ಹಗ್ಗದಲ್ಲಿ ಕೈಗೆಟಕುವಂತಿರಲಿ. ಚಪ್ಪಲಿಯನ್ನು ನೆಲದ ಮೇಲೆ ಬಿಡದೆ ಚೀಲದಲ್ಲಿ ಹಾಕಿ ತೂಗುಬಿಡಿ, ಹಾಕಿಕೊಳ್ಳುವ ಮೊದಲು ಕೊಡವಿ. ಇಳಿಯುವಾಗ ಮೊದಲು ನಡುಭಾಗಕ್ಕೆ ಬಂದು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಪಾದ ಪೂರ್ತಿ ನೆಲಕ್ಕೂರಿ ಒಂದು ಕ್ಷಣ ಕೂತು ಆಮೇಲೆ ಎದ್ದೇಳಿ. ಜೊತೆಗೆ ಮಗಳನ್ನೋ ಯಜಮಾನರನ್ನೋ ಎಬ್ಬಿಸಿಕೊಂಡೇ ಹೋಗಿ.

ತೂಗಾಟ ಕೆಲವರಿಗೆ ಹಿತ, ಕೆಲವರಿಗೆ ತಲೆಸುತ್ತು. 2011ರಲ್ಲಿ ಜಿನೀವಾದ ಸಂಶೋಧಕರು 12 ಜನ ಗಂಡಸರನ್ನು ಮಧ್ಯಾಹ್ನ 45 ನಿಮಿಷ, ಒಮ್ಮೆ ನಿಂತ ಮಂಚದಲ್ಲಿ, ಇನ್ನೊಮ್ಮೆ ನಾಲ್ಕು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗುವ ಮಂಚದಲ್ಲಿ ಮಲಗಿಸಿ ನೋಡಿದರು. ತೂಗುವ ಮಂಚದಲ್ಲಿ ನಿದ್ದೆ ಬೇಗ ಹತ್ತಿತು. ನಿಮಗೆ ಅದು ಒಗ್ಗದಿದ್ದರೆ ಜೋಲಿಯ ಅಂಚಿನಿಂದ ಒಂದು ದಾರವನ್ನು ನೆಲದ ಗೂಟಕ್ಕೆ ಕಟ್ಟಿ, ತೂಗಾಟ ನಿಲ್ಲುತ್ತದೆ.

ಸೊಂಟದ ವಿಷಯದಲ್ಲಿ ಒಂದು ಎಚ್ಚರಿಕೆ. ನೆಲದ ಮೇಲೆ ಮಲಗಿದಾಗ ಮಾತ್ರ ಹಿಡಿಯುವ ಸೊಂಟಕ್ಕೆ ಜೋಲಿ ಹಿತವಾಗಬಹುದು. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಅವರು ಬೇಡವೆಂದರೆ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ.

ಜನವರಿಯವರೆಗೆ ಸಮಯವಿದೆ. ಮೈಸೂರಿನಲ್ಲೇ, ಯಾರದಾದರೂ ತೋಟದ ಎರಡು ಮರಗಳ ನಡುವೆ ಕಟ್ಟಿ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಮಲಗಿ ನೋಡಿ. ಮನೆಯ ತಾರಸಿಯಲ್ಲಿ ಇಟ್ಟಿಗೆ ಕಂಬಕ್ಕೋ ಪ್ಯಾರಪೆಟ್ಟಿಗೋ ಮಾತ್ರ ಕಟ್ಟಬೇಡಿ, ಅವು ಅಡ್ಡ ಎಳೆತಕ್ಕೆ ಕುಸಿದು ಮೈಮೇಲೆ ಬೀಳುತ್ತವೆ. ಸರಿಯಾದ ಸಡಿಲ ಸಿಕ್ಕಿದಾಗ ಪಟ್ಟಿಯ ಆ ಜಾಗಕ್ಕೆ ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಹಗಲಿನ ನಿದ್ದೆಯಲ್ಲಿ ಮಂಡಿಯೂ ಭುಜವೂ ತಕರಾರು ಮಾಡದಿದ್ದರೆ ರಾತ್ರಿಗೆ ಉಳಿಯುವುದು ಚಳಿಯ ಲೆಕ್ಕ ಮಾತ್ರ.

ಹೋಗುವಾಗ ಹ್ಯಾಮಕ್ ಜೊತೆಗೆ ನಿಮ್ಮ ಮ್ಯಾಟನ್ನೂ ತೆಗೆದುಕೊಂಡು ಹೋಗಿ. ಜಗಲಿಯ ಬಾಗಿಲು ರಾತ್ರಿ ತೆರೆದಿರಲಿ ಎಂದು ಸ್ನೇಹಿತರಿಗೆ ಮೊದಲೇ ಹೇಳಿಡಿ. ಮೂರು ಗಂಟೆಗೆ ಚಳಿ ತಡೆಯಲಾಗದಿದ್ದರೆ ಒಳಗೆ ಹೋಗಿ ಮಲಗಿ, ಮರುದಿನ ಕಂಬಳಿಯ ಹಗ್ಗ ಎರಡಿಂಚು ಗಿಡ್ಡ ಮಾಡಿ ಮತ್ತೆ ನೋಡಿ.